ಪ್ರೌಢಶಾಲೆಯ ವಿಷಯ ಶಿಕ್ಷಕರಾಗಲು ತಯಾರಿ: ಪದವಿಯ ಆಯ್ಕೆಯಿಂದ ಮೊದಲ ಜೂನ್‌ವರೆಗೆ

ಪ್ರತಿ ವರ್ಷ ನಮ್ಮ ಪ್ರೌಢಶಾಲೆಗೆ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಕಂಕುಳಲ್ಲಿ ಚಾರ್ಟಿನ ಸುರುಳಿ, ಕೈಯಲ್ಲಿ ಪಾಠಯೋಜನೆಯ ರೆಕಾರ್ಡು, ಮುಖದಲ್ಲಿ ದಿಗಿಲು. ವಿಜ್ಞಾನ ಮತ್ತು ಗಣಿತದವರ ಪಾಠ ನೋಡಿ ಷರಾ ಬರೆಯುವುದು ನನ್ನ ಪಾಲಿನ ಕೆಲಸ. ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತು ನೋಡುತ್ತೇನೆ. ಹಾಗೆ ಕೂತು ಕೂತು ನನಗೆ ಖಚಿತವಾದ ಸಂಗತಿ ಇದು: ಬಿ.ಎಡ್. ಸರ್ಟಿಫಿಕೇಟು ಅರ್ಜಿ ಹಾಕಲು ಬೇಕು, ಅಷ್ಟೇ. ಕಾಲೇಜಿನಲ್ಲಿ ಓದಿದ ವಿಷಯವನ್ನು ಹದಿನಾಲ್ಕು, ಹದಿನೈದು ವಯಸ್ಸಿನ ಮಕ್ಕಳ ಪಕ್ಕದಲ್ಲಿ ಕೂತು, ಅವರ ಮಾತಿನಲ್ಲಿ ಇನ್ನೊಮ್ಮೆ ಕಲಿತವರು ವಿಷಯ ಶಿಕ್ಷಕರಾಗುತ್ತಾರೆ. ಅರ್ಜಿ, ಅಂಕ, ಅಧಿಸೂಚನೆಗಳ ವಿಚಾರವನ್ನೂ ಇಲ್ಲಿ ಬರೆಯುತ್ತೇನೆ. ಆದರೆ ಹೆಚ್ಚಿನ ಜಾಗವನ್ನು ಆ ಮರುಕಲಿಕೆಗೇ ಕೊಡುತ್ತೇನೆ.

ಪದವಿಗೆ ಸೇರುವಾಗಲೇ ಲೆಕ್ಕ ಹಾಕಿ

ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಅಂದರೆ 8, 9 ಮತ್ತು 10ನೇ ತರಗತಿ. ಶಿಕ್ಷಕರ ಹುದ್ದೆಗಳು ವಿಷಯವಾರು ಇರುತ್ತವೆ: ಕನ್ನಡ, ಇಂಗ್ಲಿಷ್, ಹಿಂದಿ, ಉರ್ದು ಮುಂತಾದ ಭಾಷೆಗಳು, ಸಮಾಜ ವಿಜ್ಞಾನ, ಭೌತಶಾಸ್ತ್ರ-ರಸಾಯನಶಾಸ್ತ್ರ-ಗಣಿತ ಅಂದರೆ ಪಿಸಿಎಂ, ಜೀವವಿಜ್ಞಾನದವರ ರಸಾಯನಶಾಸ್ತ್ರ-ಸಸ್ಯಶಾಸ್ತ್ರ-ಪ್ರಾಣಿಶಾಸ್ತ್ರ ಅಂದರೆ ಸಿಬಿಝಡ್, ದೈಹಿಕ ಶಿಕ್ಷಣ. ನೀವು ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳು ಈ ಪಟ್ಟಿಗೆ ಕೂಡಿ ಬರಬೇಕು. ಬಿ.ಎಡ್.ನಲ್ಲಿ ಸಾಮಾನ್ಯವಾಗಿ ಎರಡು ಬೋಧನಾ ವಿಷಯ ಆರಿಸಿಕೊಳ್ಳಬೇಕಾಗುತ್ತದೆ. ಅವು ಪದವಿಯ ವಿಷಯಗಳಿಗೆ ಹೊಂದಬೇಕು. ಕನ್ನಡ ಶಿಕ್ಷಕಿಯಾಗುವ ಆಸೆ ಇಟ್ಟುಕೊಂಡು ಬಿ.ಎ.ಯಲ್ಲಿ ಕನ್ನಡವನ್ನು ಬರೀ ಭಾಷಾ ಪತ್ರಿಕೆಯಾಗಿ ಓದಿ, ಐಚ್ಛಿಕವಾಗಿ ತೆಗೆದುಕೊಳ್ಳದೆ ಆಮೇಲೆ ಪರಿತಪಿಸಿದವರನ್ನು ನಾನು ನೋಡಿದ್ದೇನೆ. ಬಿ.ಕಾಂ., ಬಿ.ಸಿ.ಎ., ಬಿ.ಬಿ.ಎ. ಮಾಡಿದವರಂತೂ ಬಿ.ಎಡ್. ಶುಲ್ಕ ಕಟ್ಟುವ ಮೊದಲು ಶಿಕ್ಷಣ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನು ಓದಲೇಬೇಕು. ಕಾಲೇಜಿನವರು "ಸೀಟು ಕೊಡ್ತೀವಿ" ಅಂದ ಮಾತ್ರಕ್ಕೆ ಮುಂದೆ ಹುದ್ದೆಗೆ ಅರ್ಹತೆ ಸಿಕ್ಕಿತು ಅಂತ ತಿಳಿಯಬೇಡಿ.

ಹುದ್ದೆಯ ಹೆಸರಿನಲ್ಲಿ ಒಂದು ವಿಷಯ ಇದ್ದರೂ ತರಗತಿಯಲ್ಲಿ ನಾಲ್ಕು ವಿಷಯ ಬರುತ್ತವೆ. ಇತಿಹಾಸದಲ್ಲಿ ಪದವಿ ಪಡೆದವರು ಸಮಾಜ ವಿಜ್ಞಾನ ಶಿಕ್ಷಕರಾದ ಮೇಲೆ ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಪಾಠ ಮಾಡಬೇಕು. ಭೌತಶಾಸ್ತ್ರವೇ ಪ್ರಾಣ ಅಂದುಕೊಂಡು ಬಂದ ಪಿಸಿಎಂನವರಿಗೆ ಎಷ್ಟೋ ಶಾಲೆಗಳಲ್ಲಿ ಗಣಿತದ ಪೀರಿಯಡ್ಡುಗಳೇ ಹೆಚ್ಚು. ಆದ್ದರಿಂದ ಪದವಿಯ ಮೂರು ವರ್ಷದಲ್ಲಿ ನಿಮ್ಮ ಅಚ್ಚುಮೆಚ್ಚಿನ ವಿಷಯದ ಅಕ್ಕಪಕ್ಕದ್ದನ್ನೂ ಓದುತ್ತಿರಿ.

ಯಾವ ದಾರಿ, ಯಾವ ಕಾಲೇಜು

ಮುಖ್ಯ ದಾರಿ ಪದವಿ, ಅದರ ಮೇಲೆ ಎರಡು ವರ್ಷದ ಬಿ.ಎಡ್. ಮೊದಲು ಒಂದು ವರ್ಷವಿದ್ದ ಈ ಕೋರ್ಸನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರ ನಿಯಮಗಳ ಮೂಲಕ ಎರಡು ವರ್ಷಕ್ಕೆ ಏರಿಸಿತು. 2015ರಿಂದ ಹಾಗೇ ನಡೆದಿದೆ. ಪದವಿಯಲ್ಲಿ 50% ಅಂಕ ಬೇಕು, ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಇಲಾಖೆಯ ಜಾಲತಾಣದಲ್ಲಿ ಅರ್ಜಿ, ನಂತರ ನೋಡಲ್ ಕೇಂದ್ರದಲ್ಲಿ ಮೂಲ ದಾಖಲೆಗಳ ಪರಿಶೀಲನೆ, ಆಮೇಲೆ ಪದವಿಯ ಅಂಕಗಳ ಮೇಲೆ ಮೆರಿಟ್ ಪಟ್ಟಿ. ಪ್ರತ್ಯೇಕ ಪ್ರವೇಶ ಪರೀಕ್ಷೆ ಇಲ್ಲದ ಕಾರಣ ಪದವಿಯ ಒಂದೊಂದು ಸೆಮಿಸ್ಟರಿನ ಅಂಕವೂ ಇಲ್ಲಿ ಕೆಲಸಕ್ಕೆ ಬರುತ್ತದೆ.

ಪಿಯುಸಿ ಮುಗಿಸುವಾಗಲೇ ಮನಸ್ಸು ಗಟ್ಟಿಯಾಗಿದ್ದರೆ ನಾಲ್ಕು ವರ್ಷದ ಸಂಯೋಜಿತ ಕೋರ್ಸು ಒಳ್ಳೆಯದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಅಂದರೆ ಎನ್‌ಸಿಇಆರ್‌ಟಿ ಅಡಿಯಲ್ಲಿ ಶುರುವಾದದ್ದು. ಅಜ್ಮೇರ್, ಭೋಪಾಲ್, ಭುವನೇಶ್ವರದವು ಅದರ ಒಡಹುಟ್ಟಿದವು. ವಿಷಯವನ್ನೂ ಬೋಧನಾ ಶಾಸ್ತ್ರವನ್ನೂ ಒಟ್ಟೊಟ್ಟಿಗೆ ಕಲಿಸುವ ನಾಲ್ಕು ವರ್ಷದ ಪದವಿ ಅಲ್ಲಿ ದಶಕಗಳಿಂದ ಇದೆ. ಆವರಣದೊಳಗೇ ಪ್ರಾತ್ಯಕ್ಷಿಕೆಗೆಂದು ಒಂದು ಶಾಲೆಯೂ ಇದೆ. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಮಕ್ಕಳ ತರಗತಿಯಲ್ಲಿ ನೋಡುವ ಭಾಗ್ಯ ಎಲ್ಲ ಕಡೆ ಸಿಗುವುದಿಲ್ಲ. ಈಗ ದೇಶದಾದ್ಯಂತ ಬಂದಿರುವ ನಾಲ್ಕು ವರ್ಷದ ಐಟೆಪ್ (ಸಂಯೋಜಿತ ಶಿಕ್ಷಕ ಶಿಕ್ಷಣ) ಕೋರ್ಸಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ ನಡೆಸುವ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ದೂರಶಿಕ್ಷಣದ ಬಿ.ಎಡ್. ಇರುವುದು ಈಗಾಗಲೇ ಸೇವೆಯಲ್ಲಿರುವ ತರಬೇತಿ ಪಡೆದ ಶಿಕ್ಷಕರು ಮತ್ತು ಡಿ.ಎಡ್.ನಂಥ ತರಬೇತಿ ಮುಗಿಸಿದವರಿಗೆ. ನೇರ ಪದವಿ ಮುಗಿಸಿ ಬಂದವರಿಗೆ ಅಲ್ಲ.

ಕಾಲೇಜು ಆರಿಸುವಾಗ ಎನ್‌ಸಿಟಿಇ ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಎರಡನ್ನೂ ನೀವೇ ಅವರವರ ಜಾಲತಾಣದಲ್ಲಿ ನೋಡಿಕೊಳ್ಳಿ. ಆಮೇಲೆ ಕಾಲೇಜಿಗೆ ಒಂದು ಸಾಮಾನ್ಯ ವಾರದ ದಿನ ಹೇಳದೆ ಕೇಳದೆ ಹೋಗಿ. ತರಗತಿ ನಡೆಯುತ್ತಿದೆಯೇ? ಪ್ರಯೋಗಾಲಯದ ಬೀರುವಿನ ಮೇಲೆ ಧೂಳು ಎಷ್ಟಿದೆ? ಕಳೆದ ವರ್ಷದವರು ಯಾವ ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದರು, ಅಲ್ಲಿಗೆ ಉಪನ್ಯಾಸಕರು ವೀಕ್ಷಣೆಗೆ ಎಷ್ಟು ಸಲ ಬಂದಿದ್ದರು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು, ಕಟ್ಟಡ ನೋಡಬೇಕಾಗಿಲ್ಲ.

"ನಾನ್ ಅಟೆಂಡಿಂಗ್" ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಹಣ ಕಟ್ಟಿದರೆ ಹಾಜರಾತಿ ಹಾಕುತ್ತೇವೆ, ಪರೀಕ್ಷೆಗೆ ಬಂದರೆ ಸಾಕು ಅನ್ನುವವರು ನಿಮಗೂ ಸಿಗುತ್ತಾರೆ. ನಿಯಮದ ಪ್ರಕಾರ ತರಗತಿಗಳಿಗೆ 80%, ಶಾಲಾ ಇಂಟರ್ನ್‌ಶಿಪ್‌ಗೆ 90% ಹಾಜರಾತಿ ಕಡ್ಡಾಯ. ತರಗತಿಗೆ ಹೋಗದೆ ಸರ್ಟಿಫಿಕೇಟು ಪಡೆದ ಒಬ್ಬ ಹುಡುಗ ಅತಿಥಿ ಶಿಕ್ಷಕನಾಗಿ ಬಂದ. ಬುದ್ಧಿವಂತ, ಎಂ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ. 9ನೇ ತರಗತಿಯ ಅರವತ್ತು ಮಕ್ಕಳ ಮುಂದೆ ಮೂರನೇ ದಿನಕ್ಕೇ ಅವನ ಗಂಟಲು ಕಟ್ಟಿತು, ಎರಡನೇ ವಾರಕ್ಕೆ ಬೆತ್ತ ಹುಡುಕತೊಡಗಿದ. ಆ ಹುಡುಗನ ಮೇಲೆ ನನಗೆ ಕೋಪ ಬರಲಿಲ್ಲ. ಅವನಿಗೆ ಸಿಗಬೇಕಾಗಿದ್ದ ಇಂಟರ್ನ್‌ಶಿಪ್ಪಿನ ಇಪ್ಪತ್ತು ವಾರಗಳನ್ನು ಅವನಿಂದಲೇ ದುಡ್ಡು ತೆಗೆದುಕೊಂಡು ಕಿತ್ತುಕೊಂಡವರ ಮೇಲೆ ಬಂತು.

ಸೀಟು ಸಿಕ್ಕ ಮೇಲೆ, ತರಗತಿ ಶುರುವಾಗುವ ಮೊದಲು

ಸಾಮಾನ್ಯವಾಗಿ ಈ ನಡುವೆ ಒಂದೆರಡು ತಿಂಗಳು ಖಾಲಿ ಸಿಗುತ್ತವೆ. ಆಗ ಮಾಡಬೇಕಾದ್ದು ಒಂದೇ: ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ 8, 9, 10ನೇ ತರಗತಿಯ ನಿಮ್ಮ ವಿಷಯದ ಪುಸ್ತಕಗಳನ್ನು ಇಳಿಸಿಕೊಂಡು ಮೊದಲ ಪುಟದಿಂದ ಓದಿ, ಪ್ರತಿ ಅಭ್ಯಾಸವನ್ನೂ ಕೈಯಿಂದ ಬರೆದು ಬಿಡಿಸಿ. ಸಾಧ್ಯವಾದರೆ 6 ಮತ್ತು 7ನೇ ತರಗತಿಯದನ್ನೂ ಓದಿ, ಯಾಕಂದರೆ 9ನೇ ತರಗತಿಯ ಮಗು ಎಡವುವ ಕಲ್ಲು ಅಲ್ಲಿಯೇ ಬಿದ್ದಿರುತ್ತದೆ. ಎಂ.ಎಸ್ಸಿ. ಮಾಡಿದವರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ. ಅವರಿಗೆ ನಾನು ಕೇಳುವ ಪ್ರಶ್ನೆ ಒಂದಿದೆ. ಒಬ್ಬ ಕೂಲಿಯವನು ತಲೆ ಮೇಲೆ ಮೂಟೆ ಹೊತ್ತು ಅಲುಗಾಡದೆ ನಿಂತಿದ್ದಾನೆ. ಭೌತಶಾಸ್ತ್ರದ ಪ್ರಕಾರ ಮೂಟೆಯ ಮೇಲೆ ಅವನು ಯಾವ ಕೆಲಸವನ್ನೂ ಮಾಡುತ್ತಿಲ್ಲ. "ಮತ್ತೆ ಅವನಿಗೆ ಸುಸ್ತಾಗುತ್ತಲ್ಲ ಮಿಸ್?" ಅಂತ ಮಗು ಕೇಳಿದರೆ ಏನು ಹೇಳುತ್ತೀರಿ? ಸೂತ್ರ ಬರೆದು ಸುಮ್ಮನಾಗುವಂತಿಲ್ಲ. ಅವನ ಸ್ನಾಯುಗಳೊಳಗೆ ಶಕ್ತಿ ಖರ್ಚಾಗುತ್ತಲೇ ಇದೆ, ಆದರೆ ಮೂಟೆಗೆ ಸ್ಥಾನಪಲ್ಲಟವಿಲ್ಲ ಎನ್ನುವ ತನಕ ಬರಬೇಕು, ಅದನ್ನೂ ಮೂಟೆ ಹೊರುವವರ ಮನೆಯ ಮಗುವಿನ ಮುಂದೆ ಮರ್ಯಾದೆಯಿಂದ ಹೇಳಬೇಕು.

ಇನ್ನು ಭಾಷೆ. ಬಿ.ಎಸ್ಸಿ. ಪೂರ್ತಿ ಇಂಗ್ಲಿಷಿನಲ್ಲಿ ಓದಿ ಕನ್ನಡ ಮಾಧ್ಯಮದ ತರಗತಿಗೆ ಕಾಲಿಟ್ಟವರಿಗೆ ನಾಲಿಗೆ ತೊಡರುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ. ಮನೆಮಾತಿನಲ್ಲಿ ಎರಡಕ್ಕೂ ವೇಗವೇ. ಈ ಗೊಂದಲ ಮಗುವಿನದಲ್ಲ, ಭಾಷೆಯೊಳಗೇ ಇದೆ ಎಂಬ ಅರಿವು ಶಿಕ್ಷಕನಿಗಿದ್ದರೆ "ಬೈಕಿನ ಮೀಟರು ತೋರಿಸುವುದು ಜವ, ಅದರ ಜೊತೆಗೆ ಯಾವ ದಿಕ್ಕು ಅಂತಲೂ ಹೇಳಿದರೆ ವೇಗ" ಎಂದು ಮೊದಲ ದಿನವೇ ಬಿಡಿಸಿ ಹೇಳುತ್ತಾನೆ. ವೇಗೋತ್ಕರ್ಷ, ಸಂವೇಗ, ಜಡತ್ವ, ವಿಭವಾಂತರ, ರೋಧ, ಉತ್ಕರ್ಷಣ, ಅಪಕರ್ಷಣ, ದ್ಯುತಿಸಂಶ್ಲೇಷಣೆ, ಬಹುಪದೋಕ್ತಿಯ ಶೂನ್ಯತೆಗಳು: ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ನಡುವೆ ಪಠ್ಯದ ಕನ್ನಡ, ಬಲಕ್ಕೆ ನಿಮ್ಮ ಊರಿನ ಆಡುಮಾತಿನ ವಿವರಣೆ ಅಂತ ಮೂರು ಕಾಲಂ ಮಾಡಿ ಬರೆಯಿರಿ. ಈಗ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ. ಒಂದೇ ದಿನ ಮೂರನೇ ಪೀರಿಯಡ್ಡು ಕನ್ನಡದಲ್ಲಿ, ನಾಲ್ಕನೆಯದು ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವ ಸಂದರ್ಭ ಬಂದಾಗ ಆ ಮೂರು ಕಾಲಂ ಕೈಹಿಡಿಯುತ್ತವೆ. ನನ್ನ ಹಳೆಯ ನೋಟ್‌ಬುಕ್ಕಿನ ರಟ್ಟು ಕಿತ್ತುಹೋಗಿದೆ, ಆದರೂ ಅದು ಇನ್ನೂ ಮೇಜಿನ ಖಾನೆಯಲ್ಲಿದೆ.

ಮೊದಲ ವರ್ಷ: ಆರು ನಿಮಿಷದ ಪಾಠ

ಬಿ.ಎಡ್.ನ ಸಿದ್ಧಾಂತ ಪತ್ರಿಕೆಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬಾಲ್ಯ ಮತ್ತು ಬೆಳವಣಿಗೆಯ ಪತ್ರಿಕೆಯನ್ನು ಮಾತ್ರ ಪರೀಕ್ಷೆಗಾಗಿ ಓದಬೇಡಿ, ಪಕ್ಕದ ಮನೆಯ 9ನೇ ತರಗತಿಯ ಹುಡುಗನನ್ನು ನೋಡುತ್ತಾ ಓದಿ.

ಮೊದಲ ವರ್ಷದ ಬೆಲೆಬಾಳುವ ಭಾಗ ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಜೊತೆಗಾರರು ರೂಪಿಸಿದ ಈ ಕ್ರಮವನ್ನು ಭಾರತದಲ್ಲಿ ಎನ್‌ಸಿಇಆರ್‌ಟಿ ತನ್ನ ರೀತಿಗೆ ಒಗ್ಗಿಸಿತು. ಸಹಪಾಠಿಗಳೇ ಮಕ್ಕಳಾಗಿ ಕೂರುತ್ತಾರೆ. ಒಂದೇ ಒಂದು ಕೌಶಲವನ್ನು ಹಿಡಿದು 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷದ ಒಂದು ಸುತ್ತು. ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಉದಾಹರಣೆ ಸಹಿತ ವಿವರಿಸುವುದು, ಕಪ್ಪುಹಲಗೆ ಬಳಸುವುದು ಇವೆಲ್ಲ ಬಿಡಿಬಿಡಿ ಕೌಶಲಗಳು. ಎಷ್ಟೋ ಕಡೆ ಮರುಪಾಠವನ್ನು ಹಾರಿಸಿ ರೆಕಾರ್ಡಿನಲ್ಲಿ ಮಾತ್ರ ಬರೆಯುತ್ತಾರೆ. ನೀವು ಹಾರಿಸಬೇಡಿ. ಮೊದಲ ಪಾಠಕ್ಕೂ ಮರುಪಾಠಕ್ಕೂ ನಡುವಿನ ಆ 12 ನಿಮಿಷದಲ್ಲೇ ಕಲಿಕೆ ನಡೆಯುವುದು. ಗೆಳೆಯರಿಗೆ ಹೇಳಿ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ. ಹಲಗೆಗೆ ಮುಖ ಮಾಡಿಯೇ ಅರ್ಧ ಪಾಠ ಮುಗಿಸಿದ್ದು ನೋಡಿದಾಗ ಗೊತ್ತಾಗುತ್ತದೆ.

ಕಪ್ಪುಹಲಗೆಯ ಕೆಲಸಕ್ಕೆ ಎರಡು ವಾರ ಸಂಜೆ ಮೀಸಲಿಡಿ. ಎಡ ಮೇಲ್ತುದಿಯಿಂದ ಶುರು, ಸಾಲು ನೆಟ್ಟಗೆ, ಕೊನೆಯ ಬೆಂಚಿನಿಂದ ನೀವೇ ಹೋಗಿ ನೋಡಿ ಅಕ್ಷರದ ಗಾತ್ರ ಸರಿಮಾಡಿಕೊಳ್ಳುವುದು. ಬರೆಯುವಾಗ ಮಾತು ನಿಲ್ಲಿಸಿ, ಮಾತಾಡುವಾಗ ಮಕ್ಕಳ ಕಡೆ ತಿರುಗಿ. ಹತ್ತನೇ ತರಗತಿಯ ಕೊನೆಯ ಸಾಲಿನಲ್ಲಿ ಕನ್ನಡಕ ಬೇಕಿದ್ದೂ ಹಾಕಿಕೊಳ್ಳದ ಒಂದಿಬ್ಬರು ಮಕ್ಕಳು ಯಾವಾಗಲೂ ಇರುತ್ತಾರೆ.

ಪಾಠಯೋಜನೆ ಬರೆಯುವಾಗ ಸೀನಿಯರುಗಳ ರೆಕಾರ್ಡು ಕೈಗೆ ಬರುತ್ತದೆ, ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಉದ್ದೇಶಗಳು ಅಚ್ಚುಕಟ್ಟಾಗಿ ಇಳಿದಿರುತ್ತವೆ. ನಕ್ಷೆ ಅದೇ ಇರಲಿ, ಐದು ಹಂತದ 5ಇ ಮಾದರಿ ಕೇಳಿದರೆ ಅದನ್ನೇ ಬರೆಯಿರಿ. ಆದರೆ ಪ್ರತಿ ಯೋಜನೆಯ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ನಿಮ್ಮ ಸ್ವಂತದ್ದು ಇರಲಿ: ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ? ಅದಕ್ಕೆ ಉತ್ತರ ಹೊಳೆಯದಿದ್ದರೆ ಪಾಠ ಇನ್ನೂ ತಯಾರಾಗಿಲ್ಲ.

ಇಪ್ಪತ್ತು ವಾರ

ಎನ್‌ಸಿಟಿಇ ನಿಯಮದಂತೆ ಎರಡು ವರ್ಷದಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕು. ಮೊದಲ ವರ್ಷ 4, ಎರಡನೇ ವರ್ಷ 16. ಮೊದಲ ವಾರ ಪಾಠ ಮಾಡುವ ಆತುರ ಬೇಡ. ಮಾರ್ಗದರ್ಶಕ ಶಿಕ್ಷಕರ ಅನುಮತಿ ಕೇಳಿ ಕೊನೆಯ ಬೆಂಚಿನಲ್ಲಿ ಕೂರಿ. ಯಾವ ಮಗು ಯಾವತ್ತೂ ಕೈ ಎತ್ತುವುದಿಲ್ಲ, ಬಿಸಿಯೂಟದ ನಂತರದ ಪೀರಿಯಡ್ಡಿನಲ್ಲಿ ತರಗತಿ ಹೇಗೆ ತೂಗುತ್ತದೆ, ಬಸ್ಸಿನ ಮಕ್ಕಳು ಎಷ್ಟು ಗಂಟೆಗೆ ಬ್ಯಾಗು ಕಟ್ಟತೊಡಗುತ್ತಾರೆ, ಎಲ್ಲ ಬರೆದುಕೊಳ್ಳಿ.

ಒಂದು ಪಾಠವನ್ನು ಹತ್ತಿರದಿಂದ ಹೇಳುತ್ತೇನೆ. 10ನೇ ತರಗತಿ, ವಿದ್ಯುಚ್ಛಕ್ತಿ ಅಧ್ಯಾಯ. ಪ್ರಶಿಕ್ಷಣಾರ್ಥಿ ಸರಣಿ ಜೋಡಣೆಯ ವ್ಯಾಖ್ಯೆ ಬರೆಸಿದರು, ಚಿತ್ರ ಬಿಡಿಸಿದರು, ಸೂತ್ರ ನಿರೂಪಿಸಿದರು. ತಪ್ಪೇನೂ ಇರಲಿಲ್ಲ. ಕೊನೆಗೆ "ಎಲ್ರಿಗೂ ಅರ್ಥ ಆಯ್ತಾ?" ಅಂದರು. "ಆಯ್ತು ಸರ್" ಅಂತ ಇಡೀ ತರಗತಿ ರಾಗವಾಗಿ ಹೇಳಿತು. ನನ್ನ ಪಕ್ಕ ಕೂತಿದ್ದ ಹುಡುಗನಿಗೆ ನಾನು ಮೆಲ್ಲಗೆ ಕೇಳಿದೆ: "ಒಂದರ ಹಿಂದೆ ಒಂದು ಎರಡು ಬಲ್ಬ್ ಹಾಕಿದರೆ ಯಾವುದು ಜಾಸ್ತಿ ಉರಿಯುತ್ತಪ್ಪಾ?" ಅವನು ಯೋಚಿಸಲೇ ಇಲ್ಲ. "ಮೊದಲನೇದು ಮಿಸ್. ಅದು ಕರೆಂಟ್ ತಿಂದು ಉಳಿದಿದ್ದು ತಾನೇ ಎರಡನೇದಕ್ಕೆ ಹೋಗೋದು?"

ಪೀರಿಯಡ್ಡು ಮುಗಿದ ಮೇಲೆ ಇದನ್ನು ಪ್ರಶಿಕ್ಷಣಾರ್ಥಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಬೇಸರ ಮಾಡಿಕೊಳ್ಳಬೇಡಿ, ಇದೇ ನಿಮಗೆ ಸಿಕ್ಕ ಚಿನ್ನ, ನಾಳೆ ಇಲ್ಲಿಂದಲೇ ಶುರುಮಾಡಿ ಅಂದೆ. ಸಂಜೆ ಇಬ್ಬರೂ ಪ್ರಯೋಗಾಲಯದಲ್ಲಿ ಕೂತು ಒಂದೇ ನಮೂನೆಯ ಎರಡು ಟಾರ್ಚ್ ಬಲ್ಬು, ವಯರು, ಸೆಲ್ಲು ಜೋಡಿಸಿದೆವು. ಎರಡು ಸೆಲ್ಲಿಗೆ ಬಲ್ಬುಗಳು ಮಿಣಮಿಣ ಎಂದವು, ಹಗಲು ಬೆಳಕಿನಲ್ಲಿ ಕೊನೆಯ ಬೆಂಚಿಗೆ ಕಾಣುವಂತಿರಲಿಲ್ಲ. ಮೂರನೆಯ ಸೆಲ್ ಸೇರಿಸಿದ ಮೇಲೆ ಸರಿಹೋಯಿತು. ಮೊದಲೇ ಮಾಡಿ ನೋಡದೆ ತರಗತಿಗೆ ಒಯ್ದಿದ್ದರೆ ಪ್ರಯೋಗ ಅಲ್ಲೇ ಕೈಕೊಡುತ್ತಿತ್ತು.

ಮರುದಿನ ಅವರು ಸ್ವಿಚ್ ಹಾಕುವ ಮೊದಲು ಮಕ್ಕಳಿಂದ ಊಹೆ ಬರೆಸಿದರು. ಬ್ಯಾಟರಿಗೆ ಹತ್ತಿರದ್ದೇ ಜಾಸ್ತಿ ಉರಿಯುತ್ತದೆ ಅಂತ ಬರೆದವರೇ ಹೆಚ್ಚು. ಕಿಟಕಿ ಮುಚ್ಚಿಸಿ ಸ್ವಿಚ್ ಹಾಕಿದಾಗ ಎರಡೂ ಒಂದೇ ಸಮ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಬ್ಯಾಟರಿ ಉಲ್ಟಾ ಹಾಕಿ ನೋಡೋಣ" ಅಂದಳು. ಹಾಕಿದರು. ಆಗಲೂ ಸಮವೇ. ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ, ಎರಡರ ನಡುವೆ, ಕೊನೆಗೆ ಹೀಗೆ ಮೂರು ಕಡೆ ಇಟ್ಟು ಮಕ್ಕಳಿಂದಲೇ ಅಳತೆ ಓದಿಸಿದರು. ಪ್ರವಾಹ ಎಲ್ಲ ಕಡೆ ಒಂದೇ ಇದೆ, ಹಾಗಾದರೆ ಖರ್ಚಾಗುತ್ತಿರುವುದು ಏನು ಎಂಬ ಪ್ರಶ್ನೆ ಹುಟ್ಟಿದ್ದು ಆಗ, ಹುಟ್ಟಿಸಿದ್ದು ಮಕ್ಕಳು. ಶಕ್ತಿ, ವಿಭವಾಂತರ ಎಂಬ ಪದಗಳಿಗೆ ಅಂದು ತರಗತಿಯಲ್ಲಿ ಜಾಗ ಸಿಕ್ಕಿತು.

ಇದರಿಂದ ನಿಮಗೆ ಬೇಕಾದ್ದು ಎರಡು ಅಭ್ಯಾಸ. "ಅರ್ಥ ಆಯ್ತಾ" ಎಂಬ ಪ್ರಶ್ನೆಯನ್ನು ಇಡೀ ಇಂಟರ್ನ್‌ಶಿಪ್ಪಿನಲ್ಲಿ ಒಮ್ಮೆಯೂ ಕೇಳಬೇಡಿ, ಅದರ ಬದಲು ಉತ್ತರದಲ್ಲಿ ತಪ್ಪು ಹೊರಬೀಳುವಂಥ ಪ್ರಶ್ನೆ ಕೇಳಿ. ಎರಡನೆಯದು, ತಪ್ಪುಗಳ ಪುಸ್ತಕ. ಮಕ್ಕಳ ತಪ್ಪು ಉತ್ತರಗಳನ್ನು ಅವರ ಮಾತಿನಲ್ಲೇ, ಹೆಸರು ಹಾಕದೆ, ಅಧ್ಯಾಯವಾರು ಬರೆದಿಡಿ. ಗಣಿತದಲ್ಲಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆಯುವ ಮಗು, ಎ ಮತ್ತು ಬಿ ಕೂಡಿಸಿ ವರ್ಗ ಮಾಡು ಎಂದರೆ ನಡುವಿನ ಪದವನ್ನು ನುಂಗಿಬಿಡುವ ಮಗು. ಜೀವವಿಜ್ಞಾನದಲ್ಲಿ "ಗಿಡ ರಾತ್ರಿ ಮಾತ್ರ ಉಸಿರಾಡುತ್ತೆ". ಭೂಗೋಳದಲ್ಲಿ "ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತೆ". ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ. ಈ ಒಂದು ಸಂಗತಿಯಿಂದ ಶುರುಮಾಡಿದರೆ ಭೂಮಿಯ ಅಕ್ಷದ ಓರೆಯ ತನಕ ಮಕ್ಕಳನ್ನು ಕರೆದೊಯ್ಯಬಹುದು.

ಭಾಷಾ ಶಿಕ್ಷಕರಾಗುವವರಿಗೂ ಇದೇ ಮಾತು. ಹಳಗನ್ನಡದ ಪದ್ಯಕ್ಕೆ ನೇರವಾಗಿ ಸಾರಾಂಶ ಬರೆಸುವ ಪಾಠಗಳನ್ನು ನೋಡಿ ಮನಸ್ಸಿಗೆ ನೋವಾಗುತ್ತದೆ. ಮೊದಲು ನೀವು ಗಟ್ಟಿಯಾಗಿ, ಲಯ ಕೆಡದಂತೆ ಎರಡು ಸಲ ಓದಿ. ಷಟ್ಪದಿಯಾದರೆ ಮೇಜಿನ ಮೇಲೆ ಬೆರಳು ತಟ್ಟಿ ಮಾತ್ರೆ ಎಣಿಸಲು ಮಕ್ಕಳಿಗೇ ಬಿಡಿ. ಆಮೇಲೆ ಪದ ಬಿಡಿಸಿ. ಪ್ರಸ್ತಾರ ಹಾಕುವುದು ಆಗ ಅವರಿಗೆ ಆಟವಾಗುತ್ತದೆ.

ಇಂಟರ್ನ್‌ಶಿಪ್ಪಿನಲ್ಲಿ ಘಟಕ ಪರೀಕ್ಷೆಯೊಂದನ್ನು ನೀವೇ ತಯಾರಿಸಬೇಕು: ಎಂಥ ಪ್ರಶ್ನೆಗೆ ಎಷ್ಟು ಅಂಕ ಎಂಬ ನೀಲನಕ್ಷೆ, ಪ್ರಶ್ನೆಪತ್ರಿಕೆ, ಅಂಕ ಹಂಚಿಕೆಯ ಮಾದರಿ ಉತ್ತರ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟರೆ ಉಳಿದ ವಿಷಯಗಳಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ. ಪ್ರಥಮ ಭಾಷೆಗೆ 100 ಮತ್ತು 25. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಎದುರಿಗಿಟ್ಟು ಯಾವ ಪ್ರಶ್ನೆ ಬರೀ ನೆನಪನ್ನು ಕೇಳುತ್ತದೆ, ಯಾವುದು ಅನ್ವಯವನ್ನು ಕೇಳುತ್ತದೆ ಎಂದು ನೀವೇ ವಿಂಗಡಿಸಿದ ಮೇಲೆ ನೀಲನಕ್ಷೆ ಬರೆಯುವುದು ಸುಲಭ. ಮೌಲ್ಯಮಾಪನ ಮಾಡುವಾಗ ಅಂಕ ಹಾಕುವ ಮೊದಲು ತಪ್ಪುಗಳ ಪುಸ್ತಕ ಪಕ್ಕದಲ್ಲಿರಲಿ. ತರಗತಿಯ ಸಮಸ್ಯೆಗೆ ಶಿಕ್ಷಕರೇ ಪರಿಹಾರ ಹುಡುಕುವ ಕ್ರಿಯಾ ಸಂಶೋಧನೆಗೆ ವಿಷಯ ಹುಡುಕಿ ಪರದಾಡುವವರಿಗೂ ಆ ಪುಸ್ತಕದಲ್ಲೇ ಹತ್ತು ವಿಷಯ ಸಿಗುತ್ತವೆ.

ಅರ್ಹತಾ ಪರೀಕ್ಷೆ, ದಾಖಲೆ, ಅರ್ಜಿ

ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ 1ರಿಂದ 8ನೇ ತರಗತಿಯವರೆಗಿನ ಶಿಕ್ಷಕರಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಇದೆ. ಬಿ.ಎಡ್.ನವರು ಬರೆಯಬೇಕಾದ್ದು ಎರಡನೇ ಪತ್ರಿಕೆ, 6ರಿಂದ 8ನೇ ತರಗತಿಗೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರ 30, ಎರಡು ಭಾಷೆಗೆ ತಲಾ 30, ಉಳಿದ 60 ಅಂಕ ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ. 60% ಅರ್ಹತೆ, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ 55%. ಒಮ್ಮೆ ಪಾಸಾದರೆ ಆಜೀವ ಮಾನ್ಯತೆ. ಪ್ರೌಢಶಾಲೆಯೇ ಗುರಿಯಾದರೂ ಟಿಇಟಿ ಬರೆದಿಟ್ಟುಕೊಳ್ಳಿ. ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳ ಬಾಗಿಲು ಅದರಿಂದಲೇ ತೆರೆಯುವುದು. 2022ರಲ್ಲಿ ಒಂದೇ ಬಾರಿಗೆ 15,000 ಅಂಥ ಹುದ್ದೆಗಳಿಗೆ ಪರೀಕ್ಷೆ ನಡೆಯಿತು, ವಿಷಯದ ಪತ್ರಿಕೆಯಲ್ಲಿ ವಿವರಣಾತ್ಮಕ ಪ್ರಶ್ನೆಗಳೂ ಇದ್ದವು. ಬರೀ ಬಹುಆಯ್ಕೆ ಪ್ರಶ್ನೆಗಳ ಗೈಡು ಓದಿದವರಿಗೆ ಅಂಥಲ್ಲಿ ಕಷ್ಟ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ಹುದ್ದೆಗೆ ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿ, ಅಂದರೆ ಸಿಟಿಇಟಿಯ ಎರಡನೇ ಪತ್ರಿಕೆ ಕೇಳುತ್ತಾರೆ. 1ರಿಂದ 5ನೇ ತರಗತಿಗೆ ಮಾತ್ರ ಬಿ.ಎಡ್. ಸಲ್ಲುವುದಿಲ್ಲ, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ.

ದಾಖಲೆಗಳ ವಿಚಾರದಲ್ಲಿ ಅಧಿಸೂಚನೆ ಬರಲಿ ಎಂದು ಕಾಯಬೇಡಿ. ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ, ಇವಕ್ಕೆ ನೀವು ಓದಿದ ಶಾಲೆಗಳ ಮುಖ್ಯ ಶಿಕ್ಷಕರ ಸಹಿ ಬೇಕು, ಗ್ರಾಮೀಣದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರಾದರೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಇನಿಶಿಯಲ್ಲು ಪದವಿಯಲ್ಲೂ ಆಧಾರ್‌ನಲ್ಲೂ ಹಾಗೇ ಇದೆಯೇ ಎಂದು ಇವತ್ತೇ ನೋಡಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅಫಿಡವಿಟ್ ಹಿಡಿದು ಅಲೆದವರಿದ್ದಾರೆ.

ಕಾಸರಗೋಡಿನ ಕನ್ನಡಿಗರಿಗೆ ದಾರಿ ಬೇರೆ. ಅಲ್ಲಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಶಿಕ್ಷಕ ಹುದ್ದೆಯನ್ನು ಕೇರಳ ಲೋಕಸೇವಾ ಆಯೋಗ ತುಂಬುತ್ತದೆ, ಕೇರಳದ ಟಿಇಟಿಯಾದ ಕೆ-ಟೆಟ್‌ನಲ್ಲಿ ಪ್ರೌಢಶಾಲೆಗೆಂದೇ ಮೂರನೇ ವಿಭಾಗವಿದೆ. ಕನ್ನಡ ಬಲ್ಲ ಗಣಿತ, ವಿಜ್ಞಾನ ಶಿಕ್ಷಕರು ಅಲ್ಲಿ ಇರಲೇಬೇಕು, ಇಲ್ಲವಾದರೆ ಆ ಮಕ್ಕಳು ತಮ್ಮದಲ್ಲದ ಭಾಷೆಯಲ್ಲಿ ಪಾಠ ಕೇಳಬೇಕಾಗುತ್ತದೆ. ಗಡಿಯಾಚೆಯ ಗೆಳೆಯರು ಆ ಅಧಿಸೂಚನೆಗಳ ಮೇಲೆ ಕಣ್ಣಿಟ್ಟಿರಿ.

ಮೊದಲ ಜೂನ್

ನೇಮಕಾತಿ ನಡೆಯುವ ತನಕ ಕಾಯುವ ವರ್ಷಗಳಲ್ಲಿ ಕೋಚಿಂಗ್ ಸೆಂಟರಿನಲ್ಲೇ ಕೂರಬೇಡಿ. ಶಾಲೆಗಳು ಶುರುವಾಗುವ ಹೊತ್ತಿಗೆ ಸರ್ಕಾರಿ ಪ್ರೌಢಶಾಲೆಗಳು ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತವೆ. ಗೌರವಧನ ಕಡಿಮೆ, ಅದೂ ತಡವಾಗಿ ಬರುವುದುಂಟು. ಮನೆಯ ಪರಿಸ್ಥಿತಿ ನೋಡಿಕೊಂಡು ತೀರ್ಮಾನಿಸಿ. ಆದರೆ ಒಂದು ವರ್ಷ ಪೂರ್ತಿ ಒಂದು ತರಗತಿಯ ಹೊಣೆ ಹೊತ್ತವರ ವಿವರಣಾತ್ಮಕ ಉತ್ತರಕ್ಕೆ ಬೇರೆಯೇ ತೂಕ ಇರುತ್ತದೆ.

ಅತಿಥಿಯಾಗಿಯೋ ಕಾಯಂ ಆಗಿಯೋ, ಮೊದಲ ಜೂನ್ ಬಂದಾಗ ಪಠ್ಯಪುಸ್ತಕದ ಮೊದಲ ಅಧ್ಯಾಯಕ್ಕೆ ಕೈಹಾಕಬೇಡಿ. ಶಾಲೆ ಶುರುವಾದಾಗ ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಸೇತುಬಂಧ ನಡೆಯುತ್ತದೆ, ಮಕ್ಕಳ ಕೊರತೆ ಎಲ್ಲಿದೆ ಎಂದು ತಿಳಿಯಲು ಅದಕ್ಕೊಂದು ನೈದಾನಿಕ ಪರೀಕ್ಷೆ ಇರುತ್ತದೆ. ಫಾರಂ ತುಂಬುವ ಕೆಲಸ ಎಂದು ಅದನ್ನು ಮುಗಿಸಿ ಕೈತೊಳೆಯುವವರಿದ್ದಾರೆ. ನೀವು ಹಿಂದಿನ ಎರಡು ತರಗತಿಗಳಿಂದ ಹತ್ತು ಸುಲಭ ಪ್ರಶ್ನೆ ಆರಿಸಿ, ಇದಕ್ಕೆ ಅಂಕವಿಲ್ಲ, ಹೆದರಬೇಡಿ ಎಂದು ಹೇಳಿ ಬರೆಸಿ. ಸಂಜೆ ಉತ್ತರಪತ್ರಿಕೆಗಳನ್ನು ಮನೆಗೆ ಒಯ್ದು, ಸರಿ ಉತ್ತರಗಳನ್ನು ಪಕ್ಕಕ್ಕಿಟ್ಟು, ತಪ್ಪುಗಳನ್ನು ಒಂದೊಂದಾಗಿ ಓದಿ. ತಪ್ಪುಗಳ ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿ, ಮೇಲೆ ತರಗತಿ ಮತ್ತು ವರ್ಷ ಬರೆದು, ಮೊದಲನೆಯದನ್ನು ಮಗು ಬರೆದಂತೆಯೇ ನಕಲು ಮಾಡಿ. ನಾಳೆಯ ಪಾಠಯೋಜನೆಯನ್ನು ಅದರ ಕೆಳಗೇ ಬರೆಯಬಹುದು.